ಅಣ್ಣನ ಡ್ರಮ್ಸ್

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಗಿಟಾರ್ ಹೊತ್ತು ನಿಂತಿದ್ದ ಹುಡುಗಿ ಇಯರ್‌ಫೋನ್ ಕಿತ್ತು ಪಕ್ಕದ ಗಡ್ಡದವನತ್ತ ತಿರುಗಿದಳು.

“ನಮ್ಮ ಆಲ್ಬಮ್ಮಲ್ಲಿ ಅಣ್ಣನ ಡ್ರಮ್ಸೇ ಇಲ್ವಲ್ಲ?”

“ಅದರ ಬದಲು ಡ್ರಮ್ ಮಷೀನ್ ಹಾಕಿದೀನಿ.”

“ಯಾರನ್ನ ಕೇಳಿ?”

“ತಾಳ ತಪ್ಪಿತ್ತು. ಫಂಕ್ ಮ್ಯೂಸಿಕ್ಕಲ್ಲಿ ತಾಳ ತಪ್ಪಿದ್ರೆ ಇನ್ನೇನು ಉಳಿಯುತ್ತೆ?”

“ಅಷ್ಟು ಕಾಯಿಲೆಯಲ್ಲೂ ಎದ್ದು ಬಂದು ಬಾರಿಸಿದ. ಈಗ ಅವನೇ ಇಲ್ಲ. ನಿನಗೆ ತಾಳದ ಚಿಂತೆ.”

“ತೆಗೆಯೋಕೆ ಹೇಳಿದ್ದು ಅವನೇ. ಕೈ ನಡುಗಿದ್ದು ಜನಕ್ಕೆ ಗೊತ್ತಾಗಬಾರದು ಅಂದ.”

ಅವಳು ಇಯರ್‌ಫೋನನ್ನು ಜೇಬಿಗೆ ತುರುಕಿದಳು.

“ನನಗ್ಯಾಕೆ ಮುಚ್ಚಿಟ್ಟೆ?”

“ನೀನು ಒಪ್ತಿರಲಿಲ್ಲ.”

“ಈಗಲೂ ಒಪ್ಪಲ್ಲ. ಮೊದಲಿನ ರೆಕಾರ್ಡಿಂಗ್ ಇವತ್ತೇ ಸ್ಟುಡಿಯೋದಿಂದ ತಂದ್ಕೊಡು. ಜನಕ್ಕೆ ಬೇಡದಿದ್ರೆ ಬಿಡು. ಅಮ್ಮಂಗೆ ಆ ನಡುಗೋ ಕೈನೇ ಬೇಕು.”

ಬಸ್ಸು ಬಂತು. ಅವಳು ತಿರುಗಿ ನೋಡದೆ ಹತ್ತಿದಳು. ಅವನು ಹತ್ತದೆ, ಬಂದ ದಾರಿಯಲ್ಲೇ ಸ್ಟುಡಿಯೋ ಕಡೆಗೆ ವಾಪಸ್ ನಡೆದ.