ಗೂಬೆ ಮರದ ಕೊಂಬೆಗೆ ನಾನು ಹಾಕಿದ ಸಹಿ

ನಾನು ಗರಗಸದ ಮಿಲ್ಲಿನ ಮಾಲೀಕಳು, ವಯಸ್ಸು ಅರವತ್ತೆಂಟು, ಓದು ಹೈಸ್ಕೂಲು, ವಾಸ ಮಿಲ್ಲಿನ ಹಿಂದಿನ ಮನೆ. ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಮೂವತ್ತೊಂದು ವರ್ಷ ಮಿಲ್ಲು ನನ್ನ ಮಾತಿನ ಮೇಲೆ ನಡೆದಿದೆ. ಠಾಣೆಗೆ ನಾನಾಗಿಯೇ ಬಂದು ತಿಳಿಸುವುದೇನೆಂದರೆ:

ನನ್ನ ಮಗ ರಾತ್ರಿ ಹೊತ್ತು ಪ್ರಾಣಿ ಪಕ್ಷಿಗಳ ಫೋಟೋ ತೆಗೆಯುತ್ತಾನೆ. ಒಂದು ದೊಡ್ಡ ಸ್ಪರ್ಧೆಯ ಬಹುಮಾನಕ್ಕಾಗಿ ಆರು ವರ್ಷದಿಂದ ಹಾತೊರೆಯುತ್ತಿದ್ದಾನೆ. ಮಿಲ್ಲಿನ ಅಂಗಳದ ಹಳೇ ಮರದಲ್ಲಿ, ನೆಲದಿಂದ ಹದಿನೆಂಟು ಅಡಿ ಮೇಲೆ, ಪೊಟರೆಯೊಳಗೆ ಗೂಬೆಯ ಎರಡು ಮರಿಗಳಿದ್ದವು. ಆ ಮರಕ್ಕೆ ಗರಗಸ ತಾಗಬಾರದೆಂದು ಹೇಳಿದವಳು ನಾನೇ.

ಕಳೆದ ಶುಕ್ರವಾರ ಸಂಜೆ ಏಳೂಕಾಲಿಗೆ ಮಗ ಅಂಗಳದ ದೀಪ ಆರಿಸಲು ಹೇಳಿದ. ಆರಿಸಿದೆ. ಎಂಟೂವರೆಗೆ ಒಳಗೆ ಬಂದು ಫೋಟೋ ತೋರಿಸಿದ. ಪೊಟರೆಯ ಬಾಯಲ್ಲಿ ತಾಯಿಗೂಬೆ, ಹಿಂದೆ ಆಕಾಶದ ತುಂಬ ನಕ್ಷತ್ರ. ಚೆನ್ನಾಗಿತ್ತು. ಹಾಗೆಂದು ನಾನು ಹೇಳಲಿಲ್ಲ, ಹೊಗಳುವುದು ನನ್ನ ಅಭ್ಯಾಸವಲ್ಲ. ಶನಿವಾರ ಬೆಳಿಗ್ಗೆ ಸ್ಪರ್ಧೆಯವರ ಒಂದು ಕಾಗದ ತಂದ. ಮರವನ್ನಾಗಲಿ ಗೂಡನ್ನಾಗಲಿ ಯಾರೂ ಮುಟ್ಟಿಲ್ಲವೆಂದು ಜಾಗದ ಮಾಲೀಕರು ಬರೆದುಕೊಡಬೇಕಂತೆ. ಎರಡು ಸಲ ಓದಿ ಸಹಿ ಮಾಡಿದೆ. ಮರವನ್ನು ಹೋಗಿ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಆರೂಕಾಲಿಗೆ ಕಾಗೆಗಳ ಗಲಾಟೆ ಕೇಳಿ ಹೋದೆ. ಪೊಟರೆಗೆ ಮರೆಯಾಗಿದ್ದ ಕೊಂಬೆ ಇರಲಿಲ್ಲ. ಒಂದು ಮರಿ ಬುಡದಲ್ಲಿ ಸತ್ತು ಬಿದ್ದಿತ್ತು. ಇನ್ನೊಂದು ಸಿಗಲಿಲ್ಲ. ಕೊಂಬೆ ನಲವತ್ತು ಅಡಿ ಆಚೆ, ಟಾರ್ಪಾಲಿನ ಕೆಳಗಿತ್ತು. ಕೊಯ್ದ ಜಾಗದಲ್ಲಿ ಗೀರುಗಳಿದ್ದವು. ನಮ್ಮ ಮನೆಯ ಕೈಗರಗಸಕ್ಕೆ ಒಂದು ಹಲ್ಲು ಸೊಟ್ಟ, ಅದು ಕೊಯ್ದಲ್ಲೆಲ್ಲ ಹೀಗೇ ಗೀರು ಬೀಳುತ್ತದೆ. ಗರಗಸ ಮಗನ ಕೋಣೆಯಲ್ಲಿ ಸಿಕ್ಕಿತು.

ಕೇಳಿದ್ದಕ್ಕೆ ಒಪ್ಪಿಕೊಂಡ. ಕೊಂಬೆ ಇದ್ದರೆ ಆಕಾಶ ಕಾಣುತ್ತಿರಲಿಲ್ಲವಂತೆ. “ದಿನಾ ಮರ ಸೀಳೋ ಮನೇಲಿ ಒಂದು ಕೊಂಬೆಗೆ ಇಷ್ಟು ರಂಪಾನಾ, ಅಮ್ಮಾ?” ಎಂದ.

“ಕಾಡುಮರಾನ ತೇಗ ಅಂತ ನಾನು ಯಾರಿಗೂ ಮಾರಿಲ್ಲ ಕಣೋ” ಎಂದೆ.

ನನ್ನ ಕಾಗದ ವಾಪಸ್ ಕೇಳಿದೆ. ಫೋಟೋದ ಜೊತೆ ಕಳುಹಿಸಿ ಆಯಿತೆಂದ.

ಆ ರಾತ್ರಿ ತಾಯಿಗೂಬೆ ಕೂಗುತ್ತಲೇ ಇತ್ತು. ಮೂರು ಸಲ ಎದ್ದು ಅಂಗಳದ ದೀಪ ಹಾಕಿದೆ, ಆರಿಸಿದೆ. ಸೊಸೆ ಎದ್ದು ಬಂದು, ಅತ್ತೆ, ಬಿಪಿ ಮಾತ್ರೆ ಮರೆತಿರಾ ಎಂದು ಕೇಳಿದಳು. ಮರೆತಿರಲಿಲ್ಲ.

ಇಂದು ಮಧ್ಯಾಹ್ನ ಎರಡು ಗಂಟೆಗೆ ಮಗ, ಕ್ಯಾಮೆರಾದ ಕಾರ್ಡು ಕಳುವಾಗಿದೆ, ನಮ್ಮ ಮಿಲ್ಲಿನ ಗರಗಸದ ಕೆಲಸದವನ ಮೇಲೆ ಅನುಮಾನ ಎಂದು ಇಲ್ಲಿ ದೂರು ಕೊಟ್ಟಿದ್ದಾನೆ. ನೀವು ಕರೆತಂದು ಕೂರಿಸಿರುವ ಆ ಕೆಲಸದವನನ್ನು ಮನೆಗೆ ಕಳುಹಿಸಿ. ಕಾರ್ಡು ತೆಗೆದವಳು ನಾನು. ಕೊಂಬೆ ಇದ್ದ ಫೋಟೋ, ಇಲ್ಲದ ಫೋಟೋ ಎರಡೂ ಅದರಲ್ಲಿವೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮುದ್ದು ಬೇರೆ, ಸಹಿ ಬೇರೆ. ನನ್ನ ಸಹಿ ರದ್ದೆಂದು ಪತ್ರ ಬರೆದು, ಕಾರ್ಡನ್ನು ಅದರ ಜೊತೆಗಿಟ್ಟು, ಬೆಳಿಗ್ಗೆ ಹತ್ತು ನಲವತ್ತಕ್ಕೆ ಸ್ಪರ್ಧೆಯವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದೇನೆ. ರಸೀದಿ ಲಗತ್ತಿಸಿದೆ.

ಮೇಲೆ ಬರೆಸಿದ್ದನ್ನು ನಾನೇ ಓದಿದ್ದೇನೆ. ಈ ಸಲ, ಕಣ್ಣಾರೆ ನೋಡಿ ಬಂದಿದ್ದಕ್ಕೆ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಹದಿನೇಳು, ಸೋಮವಾರ, ಸಂಜೆ 5.20
ಸಹಿ