ಹತ್ತು ತಿಂಗಳ ನಾರು

ಐವತ್ತೆಂಟನೇ ಇಸವಿ. ಕೂಳೂರಿನಲ್ಲಿ ಬಸ್ಸು ಹತ್ತಿದ ಅತ್ತೆ ಸೊಸೆ ತೆಂಗಿನ ನಾರಿನ ಕಟ್ಟೊಂದನ್ನು ಗಿರಿಜಾ ಟೀಚರ ಕಾಲಬುಡದಲ್ಲೇ ಇಟ್ಟರು. ಹೊಳೆಕೆಸರಿನ ನಾತಕ್ಕೆ ಟೀಚರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅತ್ತೆ ಸೊಸೆ ಆಡುತ್ತಿದ್ದ ಬ್ಯಾರಿ ಭಾಷೆ ಟೀಚರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

“ನಾರು ಯಾಕೆ ಇಷ್ಟು ಗಡುಸು ಅಂತ ಸಾಹುಕಾರರು ಕೇಳಿದರೆ ಎಂತ ಹೇಳುವುದು, ಮಾಮಿ?” ಸೊಸೆ ಕೇಳಿದಳು.

“ಸಿಪ್ಪೆ ಹೊಳೆಯಲ್ಲಿ ಹತ್ತು ತಿಂಗಳು ಕೊಳೆಯಬೇಕಿತ್ತು, ಆರಿಫಾ. ನೀನು ಐದಕ್ಕೇ ತೆಗೆಸಿದೆ.”

“ತವರಿನವರು ಬರುವವರಿದ್ದರು. ಹೊಳೆಬದಿಯ ಮನೆ, ಎಲ್ಲ ಕಡೆ ನಾತ. ನಾಚಿಕೆ ಆಯ್ತು.”

“ಚೆನ್ನಾಗಿ ಕೊಳೆತರೆ ಮಾತ್ರ ನಾರು ಮೆತ್ತಗಾಗುವುದು. ಮೆತ್ತಗಿದ್ದರೆ ಹುರಿ ಹೊಸೀಬಹುದು, ಹುರಿಯಿಂದ ಹಗ್ಗ. ಇದು ಹಾಸಿಗೆಗೆ ತುಂಬಿಸ್ಲಿಕ್ಕೆ ಆದೀತು, ಅಷ್ಟೇ.”

“ಇನ್ನು ಸಾಹುಕಾರರು ನಮಗೆ ಸಿಪ್ಪೆ ಕೊಡ್ಲಿಕ್ಕಿಲ್ಲ.”

“ತೆಗೆಸಿದ್ದು ನಾನೇ ಅಂತ ಹೇಳ್ತೇನೆ. ನೀನು ಸುಮ್ಮನಿರು.”

“ಮೂವತ್ತು ವರ್ಷದಿಂದ ಇದೇ ಕೆಲಸ ಮಾಡಿದವರು ನೀವು. ನಂಬ್ತಾರಾ?”

“ಮುದುಕಿಗೆ ಮರೆವು ಅಂತ ನಗಲಿ. ನನಗೆ ಅದು ತಾಗುವುದಿಲ್ಲ. ಹೊಸ ಸೊಸೆಗೆ ತಾಗ್ತದೆ.”

ಬಂದರಿನ ಸ್ಟಾಪು ಬಂತು. ಇಬ್ಬರೂ ಎದ್ದರು. ಬೆಳಿಗ್ಗೆ ಬಾವಿಯಿಂದ ನೀರು ಸೇದಿದ ಹಗ್ಗದ ಕೆಂಪು ಗೆರೆ ಟೀಚರ ಅಂಗೈಯಲ್ಲಿ ಇನ್ನೂ ಇತ್ತು. ಅದೂ ಹೀಗೇ ಹೊಳೆಯಲ್ಲಿ ಕೊಳೆತ ನಾರಿನದೇ; ಆದರೂ ಆ ಹಗ್ಗಕ್ಕೆ ಯಾವ ನಾತವೂ ಇರಲಿಲ್ಲ. ಅವರು ಸೆರಗು ಬಿಟ್ಟು, ಎರಡೂ ಕೈಯಿಂದ ಕಟ್ಟನ್ನು ಎತ್ತಿದರು.

“ಮುಟ್ಟಬೇಡಿ ಅಮ್ಮಾ, ಕೈ ವಾಸನೆ ಬರ್ತದೆ,” ಎಂದಳು ಆರಿಫಾ, ಕನ್ನಡದಲ್ಲಿ.

“ಬರಲಿ,” ಎಂದು ಟೀಚರು ಕಟ್ಟನ್ನು ಅವಳ ಕೈಗಿತ್ತರು. ಅತ್ತೆ ಸೊಸೆ ಇಳಿದು ಹೋದರು.