ತಪ್ಪಿದ ವಾರದ ಇಂಜೆಕ್ಷನ್

ಔಷಧಿ ಅಂಗಡಿಯ ಸಾಲಿನಲ್ಲಿ ಮುಂದಿದ್ದ ಟೈಲರ್ ಅಕ್ಕ ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಬಂದಿದ್ದಳು. ತೂಕ ಇಳಿಸುವ ಇಂಜೆಕ್ಷನ್ ಪೆನ್ನನ್ನು ಅಂಗಡಿಯವನ ಮುಂದೆ ಕೌಂಟರಿನ ಮೇಲಿಟ್ಟಳು.

"ನಿನ್ನೆಯಿಂದ ಒಂದೇ ಸಮನೆ ವಾಂತಿ, ಅಣ್ಣಾ. ನೀರೂ ನಿಲ್ತಿಲ್ಲ."

"ಎಷ್ಟು ಚುಚ್ಕೊಂಡ್ರಿ?"

"ಹೋದ ವಾರದ್ದು ಮರ್ತಿದ್ದೆ. ಅದಕ್ಕೇ ಎರಡು ವಾರದ್ದೂ ಒಟ್ಟಿಗೆ."

"ಅಯ್ಯೋ, ಇದೇನು ಬಾಕಿ ಉಳಿದ ಹೊಲಿಗೆನಾ ಅಕ್ಕಾ, ಸೇರಿಸಿ ಮುಗಿಸೋಕೆ? ತಪ್ಪಿದ್ರೂ ಡಬಲ್ ಮಾಡ್ಬಾರ್ದು. ಪೆನ್ ತಗೊಂಡು ಈಗ್ಲೇ ಡಾಕ್ಟರ್ ಹತ್ರ ಹೋಗಿ. ಮುಂದಿನದು ಯಾವಾಗಂತ ಅವರೇ ಹೇಳ್ಲಿ."

"ಹೂಂ."

"ಆಮೇಲೆ ವಾರ ವಾರ ನೆನಪಿಸೋಕೆ ಮನೇಲಿ ಯಾರಿಗಾದ್ರೂ ಹೇಳಿಡಿ."

"ಮನೇಲಿ ಸದ್ದು ಮಾಡೋದು ಹೊಲಿಗೆ ಮೆಷಿನ್ ಒಂದೇ."

"...ನಂಬರ್ ಕೊಡಿ. ನಾನೇ ಫೋನ್ ಮಾಡ್ತೀನಿ."

ಅಕ್ಕ ನಂಬರನ್ನು ಎರಡು ಸಲ ಹೇಳಿದಳು. ಅವನು ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿ, ಆಮೇಲಷ್ಟೇ ಮೆಟ್ಟಿಲಿಳಿದಳು.